ಮಡಿಕೇರಿಯ ಪ್ರೀ-ಸ್ಕೂಲ್‌: ಟೀಚರ್‌ಗೆ ನಾಲ್ಕು ಸ್ಟಾರ್, ಆಯಾಗೆ ಐದು

ಮಗಳನ್ನು ಮಡಿಕೇರಿಯ ಒಂದು ಸಣ್ಣ ಪ್ರೀ-ಸ್ಕೂಲ್‌ಗೆ ಸೇರಿಸಿ ಮೂರು ತಿಂಗಳಾಯಿತು. ಅವಳಿಗೆ ಈಗ ಮೂರು ವರ್ಷ. ಸ್ಕೂಲಿನ ಹೆಸರು ಹಾಕುವುದಿಲ್ಲ, ಕೊನೆಯಲ್ಲಿ ಒಂದೆರಡು ದೂರು ಇದೆ, ಊರು ಚಿಕ್ಕದು.

ಇದಕ್ಕೂ ಮುಂಚೆ ಬೇರೊಂದು ಕಡೆ ಸೇರಿಸಿದ್ದೆವು. ಅಲ್ಲಿ ಗೇಟಿನಲ್ಲೇ ಮಗುವನ್ನು ಎತ್ತಿಕೊಂಡು, "ನೀವು ಹೋಗಿ ಮೇಡಂ, ತಿರುಗಿ ನೋಡ್ಬೇಡಿ, ಎರಡು ದಿನ ಅಳ್ತಾರೆ ಅಷ್ಟೇ" ಎಂದರು. ನಾನೂ ಕಳ್ಳಿಯ ಹಾಗೆ ಓಡಿ ಬಂದೆ. ಐದನೇ ದಿನಕ್ಕೆ, ನಾನು ಬಚ್ಚಲಿಗೆ ಹೋದರೂ ಬಾಗಿಲಿನ ಹೊರಗೆ ನಿಂತು ಅಳು. ಹೇಳದೆ ಒಮ್ಮೆ ಮಾಯವಾದ ಅವ್ವ ಮತ್ತೆ ಮಾಯವಾಗುವುದಿಲ್ಲ ಅಂತ ಅವಳಿಗೆ ಏನು ಗ್ಯಾರಂಟಿ, ಅಲ್ವಾ? ಬಿಡಿಸಿಬಿಟ್ಟೆವು.

ಇಲ್ಲಿ ಹಾಗಲ್ಲ. ಮೊದಲ ಎರಡು ದಿನ ಬರೀ ಒಂದು ಗಂಟೆ, ನಾನೂ ಒಳಗೇ ಕೂರಬೇಕು. ಆಮೇಲೆ ಜಗಲಿಯ ಬೆಂಚು. ಆಮೇಲೆ ಅರ್ಧ ಗಂಟೆ ಪೇಟೆಗೆ ಹೋಗಿ ಬರುವುದು. ಹೊರಡುವಾಗ ಹೇಳಿಯೇ ಹೊರಡಬೇಕು, ಅದೂ ಒಂದೇ ಸಲ. ಹನ್ನೆರಡೂವರೆಗೆ ಬರ್ತೀನಿ ಅಂದರೆ ಅವಳಿಗೇನು ಗೊತ್ತಾಗುತ್ತದೆ, "ತಿಂಡಿ ಡಬ್ಬಿ ಖಾಲಿ ಆಗಿ, ಒಂದು ಕಥೆ ಮುಗಿದ ಮೇಲೆ ಬರ್ತೀನಿ" ಅನ್ನಿ ಅಂತ ಟೀಚರ್ ಹೇಳಿಕೊಟ್ಟರು. ಇದು ನಿಜಕ್ಕೂ ಕೆಲಸ ಮಾಡಿತು.

ಆಯಾ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಮಾತಾಡುವುದು ಕೊಡವ ತಕ್ಕ್. ಅದರಲ್ಲಿ ಅಮ್ಮನಿಗೆ ಅವ್ವ ಅಂತಾರೆ, ತಾಯಿ ಅಂದರೆ ಅಜ್ಜಿ. ಮಗಳು ತೋಟದ ಮನೆಯಲ್ಲಿ ಅಜ್ಜಿಯ ಸೊಂಟದ ಮೇಲೇ ಬೆಳೆದವಳು. ಎರಡನೇ ವಾರ ಅವಳು ತಾಯಿ, ತಾಯಿ ಅಂತ ಅಳುತ್ತಿದ್ದರೆ ಹೊರ ಊರಿನ ಟೀಚರ್ ಪಾಪ, "ಈಗ ಬರ್ತಾರೆ ಪುಟ್ಟಿ ನಿನ್ನ ತಾಯಿ" ಅಂತ ಗಂಟೆಗಟ್ಟಲೆ ಸಮಾಧಾನ ಮಾಡಿದ್ದಾರೆ. ಬಂದವಳು ನಾನು! ನನ್ನನ್ನು ನೋಡಿದ್ದೇ ಇನ್ನೂ ಜೋರು ಅಳು. ಆಗ ಒದ್ದೆ ಸಾಕ್ಸ್ ಒಣ ಹಾಕುತ್ತಿದ್ದ ಆಯಾ ಅಲ್ಲಿಂದಲೇ, "ಟೀಚರ್, ಮಗು ಅಜ್ಜಿನ ಕೇಳ್ತಿರೋದು" ಎಂದರು. ಮಾರನೇ ದಿನ ಅಜ್ಜಿ ತಲೆಗೆ ಕಟ್ಟುವ ಹಳೇ ವಸ್ತ್ರ ಒಂದನ್ನು ಬ್ಯಾಗಿಗೆ ಹಾಕಿ ಕಳಿಸಲು ಹೇಳಿದ್ದೂ ಅವರೇ. ಒಂದು ಕೈಯಲ್ಲಿ ಅದರ ತುದಿ ಮುದ್ದೆ ಮಾಡಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಡಂಬಿಟ್ಟು (ನಮ್ಮ ಕಡೆಯ ಅಕ್ಕಿ ತರಿಯ ಉಂಡೆ) ತಿನ್ನುತ್ತಾ ಕೂತಿದ್ದಳು ಅಂತ ಮಧ್ಯಾಹ್ನ ಆಯಾ ವರದಿ ಒಪ್ಪಿಸಿದರು. ಒಂದು ವಾರ ಕಳೆಯುವಷ್ಟರಲ್ಲಿ ವಸ್ತ್ರ ಬ್ಯಾಗಿನಿಂದ ಹೊರಗೆ ಬರುವುದೇ ನಿಂತಿತು.

ಅಷ್ಟರಲ್ಲಿ ಜುಲೈ. ನಮ್ಮ ಜಿಲ್ಲೆಯ ಮಳೆ ರಜೆ ನಿಮಗೆ ಗೊತ್ತೇ ಇದೆ. ಡಿಸಿ ಸಾಹೇಬರು ಮೂರು ದಿನ ರಜೆ ಕೊಟ್ಟರು, ಜೊತೆಗೆ ಭಾನುವಾರ, ಸೋಮವಾರ ಮತ್ತೆ ಮೊದಲ ದಿನದ್ದೇ ರಾಗ. ಸ್ಕೂಲಿನವರು ಗೊಣಗದೆ ನನ್ನನ್ನು ಹದಿನೈದು ನಿಮಿಷ ಒಳಗೆ ಕೂರಿಸಿಕೊಂಡರು. ಎರಡು ದಿನಕ್ಕೆ ಸರಿಹೋಯಿತು. ಬಯಲುಸೀಮೆಯವರಿಗೆ ಈ ತಲೆನೋವು ಕಡಿಮೆ ಅನ್ನಿಸುತ್ತದೆ.

ಈಗ ದೂರು. ಫೀಸ್ ಪೂರ್ತಿ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ, ಮಗು ಹೊಂದಿಕೊಳ್ಳದಿದ್ದರೆ ವಾಪಸ್ ಇಲ್ಲ. ತಗಡಿನ ಮಾಡು, ಜೋರು ಮಳೆಯಲ್ಲಿ ಕಥೆ ಹೇಳುವವರ ಬಾಯಿ ಮಾತ್ರ ಕಾಣುತ್ತದೆ. ರೈಮ್ಸ್ ಎಲ್ಲಾ ಇಂಗ್ಲಿಷಿನಲ್ಲೇ, ಕನ್ನಡದ್ದು ನಾಲ್ಕಾದರೂ ಹೇಳಿಕೊಡಬಾರದಾ? ರಜೆಯ ವಾಟ್ಸ್ಆ್ಯಪ್ ಮೆಸೇಜ್ ಒಂದು ದಿನ ನಾವು ಅರ್ಧ ದಾರಿಗೆ ಬಂದ ಮೇಲೆ ಬಂತು, ಆ ಮಳೆಯಲ್ಲಿ ಜೀಪ್ ತಿರುಗಿಸಿದ್ದು ಇನ್ನೂ ಮರೆತಿಲ್ಲ.

ಸೇರಿಸುವವರು ಜೂನ್‌ವರೆಗೆ ಕಾಯಬೇಡಿ, ಬೇಸಿಗೆಯಲ್ಲೇ ಮಗುವನ್ನು ನಾಲ್ಕು ಸಲ ಕರೆದುಕೊಂಡು ಹೋಗಿ ಆಯಾ ಪರಿಚಯ ಮಾಡಿಸಿ. ಮತ್ತೆ ಸಾಕ್ಸ್ ದಿನಾ ಎರಡು ಜೊತೆ ಕಳಿಸಿ, ಒಂದು ಸಾಲುವುದಿಲ್ಲ.