ಎರಡು ಚೌಬಾರ ಕಾಣಿಸುವ ಕ್ಯಾಮೆರಾ

ಬೆಳಿಗ್ಗೆ ಚಹಾ ಕುಡಿದು, ಮಾಳಿಗೆ ಹತ್ತಿ, ಬೀದರಿನ ಚೌಬಾರ ಗೋಪುರದ ಕಡೆ ಕ್ಯಾಮೆರಾ ಹಿಡಿಯುವುದು ನನಗೆ ನಾಲ್ಕು ವರ್ಷದಿಂದ ರೂಢಿ. ಫೋಟೋ ತೆಗೆಯಲ್ಲ. ಲೆನ್ಸನ್ನು ಕೊನೆತನಕ ತಿರುಗಿಸಿ, ಕಣ್ಣಿಟ್ಟು ನೋಡುವ ಕಿಂಡಿಯ ನಡುವಿನ ಪುಟ್ಟ ಚೌಕದಲ್ಲಿ ಗೋಪುರದ ಎರಡು ಬಿಂಬ ಒಂದರ ಮೇಲೊಂದು ಕೂರುತ್ತವಾ ಅಂತ ನೋಡುತ್ತೇನೆ. ಕೂತರೆ ಸರಿ. ಚೂರು ಸರಿದು ಬೀದರಿಗೆ ಎರಡು ಚೌಬಾರ ಕಂಡವೋ, ಆವತ್ತು ಮದುವೆ ಮನೆಗೆ ಹಳೇ ಡಿಎಸ್‌ಎಲ್‌ಆರ್ ಹೋಗುತ್ತದೆ.

ಹೀಗೆ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ನನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಯಾವ ಕಂಪನಿಯದು ಅಂತ ಬರೆಯಲ್ಲ. ಇಂಥದ್ದನ್ನು ಕೊಳ್ಳುವವರು ಸ್ಪೆಸಿಫಿಕೇಶನ್ ಬಾಯಿಪಾಠ ಮಾಡಿರುತ್ತೀರಿ, ಅದೂ ಬೇಡ. ಸೆಕೆಂಡ್ ಹ್ಯಾಂಡ್ ಆದರೂ ಒಂದು ಹಳೇ ಕಾರಿನ ದುಡ್ಡು ಹೋಯಿತು. ಮನೆಯಲ್ಲಿ ಇನ್ನೂ ಅರ್ಧ ಬೆಲೆ ಮಾತ್ರ ಹೇಳಿದ್ದೇನೆ.

ಕಾಟ ಶುರುವಾಗಿದ್ದು ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೆ ಬೈಕಿನಲ್ಲಿ ಹೋಗಿ ಬಂದ ಮೇಲೆ. ಕ್ಯಾಮೆರಾ ಟ್ಯಾಂಕ್ ಬ್ಯಾಗಿನಲ್ಲಿತ್ತು. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಕಣ್ಣಿಗೆ ಫೋಕಸ್ ಮಾಡಿದ ಮುಖಗಳಲ್ಲೆಲ್ಲ ಕಿವಿಯ ಓಲೆ ಮಾತ್ರ ಚೊಕ್ಕ! ಲೆನ್ಸಿನ ಹಿಂದೆ ಒಂದು ಸಣ್ಣ ರೋಲರ್ ಇರುತ್ತದೆ. ಲೆನ್ಸ್ ತಿರುಗಿದಂತೆ ಅದು ಹಿಂದೆ ಮುಂದೆ ಸರಿದು ಕಿಂಡಿಯೊಳಗಿನ ಎರಡನೇ ಬಿಂಬವನ್ನು ಸರಿಸುತ್ತದೆ. ಅಷ್ಟೂ ಲೋಹದ ಕೆಲಸ. ಕೂದಲೆಳೆಯಷ್ಟು ಜರುಗಿದರೂ ಮುಗಿಯಿತು. 50 ಎಂಎಂ ಲೆನ್ಸಿನ ಬಾಯಿ ಅಗಲವಾಗಿ ತೆರೆದು ಎಫ್/2ಕ್ಕೆ ಇಟ್ಟರೆ, ಒಂದು ಮೀಟರ್ ದೂರದಲ್ಲಿ ಸ್ಪಷ್ಟ ಸಿಗುವುದೇ ನಾಲ್ಕೈದು ಸೆಂಟಿಮೀಟರ್. ಸ್ಕ್ರೀನ್ ನೋಡಿ ಫೋಕಸ್ ಮಾಡಬಹುದಲ್ವಾ ಅಂತೀರಿ. ಮಾಡಬಹುದು. ಅದಕ್ಕೆ ಇಷ್ಟು ದುಡ್ಡು ಯಾಕೆ ಸುರಿಯಬೇಕಿತ್ತು?

ರಿಪೇರಿಗೆ ಕಳಿಸಿದೆ. ಮೂರು ತಿಂಗಳು ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಪಾರ್ಟ್ ಬರಬೇಕು ಸರ್" ಅನ್ನುವ ಒಂದೇ ಉತ್ತರ. ಬಂದ ಮೇಲೆ ಆರು ವಾರ ಸರಿ ಇತ್ತು. ಆಮೇಲೆ ಮತ್ತೆ ಅದೇ ಕಥೆ, ಒಂದು ದಿನ ಸರಿ, ಒಂದು ದಿನ ಇಲ್ಲ. ಮೂರು ಮದುವೆ ಆಲ್ಬಂ ಇದರಿಂದ ಕೆಟ್ಟಿವೆ. ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವರು ಈ ಜಾತಿಯ ಕ್ಯಾಮೆರಾ ಒಂದನ್ನೇ ನಂಬಬೇಡಿ. ಕಿಂಡಿ ಲೆನ್ಸಿನ ಮೂಲಕ ನೋಡಲ್ಲವಾದ್ದರಿಂದ ಮುಚ್ಚಳ ಹಾಕಿಕೊಂಡೇ ಫೋಟೋ ಹೊಡೆಯಬಹುದು ಅನ್ನುವುದು ಬೇರೆ ಮಾತು. ಒಂದು ಅಕ್ಷತೆ ಹಾಗೆ ಹೋಗಿದೆ.

ಮತ್ತೆ ಯಾಕೆ ಇಟ್ಟುಕೊಂಡಿದ್ದೀನಿ? ಬಿದ್ರಿಯ ಕರಿ ಬಣ್ಣಕ್ಕೆ.

ಹಳೇ ಊರಲ್ಲಿ ಒಬ್ಬ ಚಾಚಾ ಬಿದ್ರಿ ಕೆಲಸ ಮಾಡುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಚಿತ್ತಾರ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ ಉಜ್ಜಿದ ಹೂಜಿ ಬೂದು ಬೂದಾಗೇ ಇರುತ್ತದೆ. ಕೊನೆಗೆ ಅದನ್ನು ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾರ (ಅಮೋನಿಯಂ ಕ್ಲೋರೈಡ್) ಕಲಸಿ ಉಜ್ಜುತ್ತಾರೆ. ಮಣ್ಣು ತೊಳೆದಾಗ ಮೈಯೆಲ್ಲ ಕಪ್ಪಾಗಿರುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ನನ್ನ ಹಳೇ ಕ್ಯಾಮೆರಾದಲ್ಲಿ ಆ ಕಪ್ಪು ಡಾಂಬರು ಬಳಿದಂತೆ ಬರುತ್ತಿತ್ತು. ಇದರಲ್ಲಿ ಕಪ್ಪಿನೊಳಗೆ ಅರದ ಗೆರೆ ಕಾಣುತ್ತದೆ, ಒರೆಸಿದ ಎಣ್ಣೆಯ ಮಿರುಗು ಕಾಣುತ್ತದೆ, ಹಿಡಿಯ ಹತ್ತಿರ ಚಾಚಾನ ಹೆಬ್ಬೆರಳಿನ ಗುರುತೂ ಕಾಣುತ್ತದೆ. 2006ರ ಲೈಕಾ ಎಂ8 ಅನ್ನುವ ಇದೇ ಜಾತಿಯ ಕ್ಯಾಮೆರಾದಲ್ಲಿ ಕೆಲವು ಕರಿ ಬಟ್ಟೆಗಳು ನೇರಳೆಯಾಗಿ ಬರುತ್ತಿದ್ದವು, ಸೆನ್ಸರಿಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಜಾಸ್ತಿ ತಾಗುತ್ತಿತ್ತು ಅಂತ. ನನ್ನದರಲ್ಲಿ ಆ ಕಾಟ ಇಲ್ಲ, ಕಪ್ಪು ಕಪ್ಪೇ.

ಒಂದು ಉಪಾಯ ಹೇಳುತ್ತೇನೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಡುವಿನ ಕಪ್ಪನ್ನು ನೋಡಿ ಗಾಬರಿಯಾಗಿ ಬೆಳಕು ಹೆಚ್ಚಿಸಿಬಿಡುತ್ತದೆ, ಫೋಟೋದಲ್ಲಿ ಬೆಳ್ಳಿ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ. ಸುಟ್ಟ ಬೆಳ್ಳಿ ವಾಪಸ್ ಬರಲ್ಲ. ಬೆಳಕನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಇಟ್ಟು ತೆಗೆಯಿರಿ, ಕಪ್ಪನ್ನು ಆಮೇಲೆ ಸೆನ್ಸರಿನ ಕಚ್ಚಾ ರಾ ಫೈಲಿನಲ್ಲಿ ಎತ್ತಿಕೊಳ್ಳಬಹುದು. ಓಲೆ, ಉಂಗುರದಂಥ ಸಣ್ಣ ಸಾಮಾನಿಗೆ ಮಾತ್ರ ಈ ಕ್ಯಾಮೆರಾ ತರಬೇಡಿ. ನನ್ನ ಲೆನ್ಸ್ 70 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ಸೇ ಆಗಲ್ಲ.

ಶಟರ್ ಸದ್ದೂ ಕಡಿಮೆ. ಚಾಚಾನ ಸುತ್ತಿಗೆಯ ಟಕ್ ಟಕ್ ನಡುವೆ ಕೇಳಿಸುವುದೇ ಇಲ್ಲ. "ತೆಗೆದ್ರೋ ಇಲ್ಲೋ ಭಾಯ್?" ಅಂತ ಕೇಳುತ್ತಾರೆ. ಆಗಲೇ ಇಪ್ಪತ್ತು ತೆಗೆದಿರುತ್ತೇನೆ. ಅದರಲ್ಲಿ ಎಂಟು ಫೋಕಸ್ ಇದ್ದರೆ ನನ್ನ ಪುಣ್ಯ.

ಹೋದ ವಾರ ಹೈದರಾಬಾದಿನಿಂದ ಒಬ್ಬರು ಕೊಳ್ಳೋಕೆ ಬಂದಿದ್ದರು. ಸುಳ್ಳು ಯಾಕೆ ಅಂತ ಮಾಳಿಗೆಗೇ ಕರೆದುಕೊಂಡು ಹೋದೆ. ಕಿಂಡಿಯಲ್ಲಿ ಬಹಳ ಹೊತ್ತು ನೋಡಿದರು. "ಎರಡು ಕಾಣ್ತಾವಲ್ರಿ." "ಹೌದ್ರಿ, ಇವತ್ತು ಎರಡು." ಮೂವತ್ತು ಸಾವಿರ ಇಳಿಸಿದರೆ ನಾಳೆಯೇ ಒಯ್ಯುತ್ತೇನೆ ಅಂದರು. ರೇಟು ಒಪ್ಪುವಂಥದ್ದೇ.

"ನಾಳೆ ಆಗಲ್ರಿ," ಅಂದೆ. "ನಾಳೆ ಚಾಚಾ ಒಂದು ದೊಡ್ಡ ಹೂಜಿಗೆ ಮಣ್ಣು ಹಚ್ಚೋರಿದ್ದಾರೆ."