ಇಪ್ಪತ್ತಾರು ತಿಂಗಳ ಕ್ವೆರ್ಸೆಟಿನ್: ಒಬ್ಬ ಬಿಪಿ ರೋಗಿಯ ಬಳಕೆಯ ವಿಮರ್ಶೆ

ನನಗೆ ಈಗ 61 ವರ್ಷ. ಎಂಟು ವರ್ಷಗಳಿಂದ ರಕ್ತದೊತ್ತಡವಿದ್ದು, ದಿನವೂ ಬೆಳಿಗ್ಗೆ 5 ಮಿಲಿಗ್ರಾಂನ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮ ತಂದೆಯವರು 58ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಣ್ಣನಿಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಇಂಥ ಮನೆಯಲ್ಲಿ ಹೃದಯಕ್ಕೆ ಒಳ್ಳೆಯದು ಎನ್ನುವ ಯಾವ ಮಾತು ಬಂದರೂ ಕಿವಿ ತಾನಾಗಿ ಅತ್ತ ಹೋಗುತ್ತದೆ. ಕ್ವೆರ್ಸೆಟಿನ್ ಕ್ಯಾಪ್ಸೂಲ್ ನನ್ನ ಕೈಗೆ ಬಂದದ್ದು ಹಾಗೆಯೇ. ದಿನಕ್ಕೆ 500 ಮಿಲಿಗ್ರಾಂನಂತೆ ಹನ್ನೊಂದು ತಿಂಗಳು ಸೇವಿಸಿದೆ, ಆಮೇಲೆ ಬೇಕೆಂದೇ ಮೂರು ತಿಂಗಳು ನಿಲ್ಲಿಸಿದೆ, ಮತ್ತೆ ಹನ್ನೆರಡು ತಿಂಗಳು ಮುಂದುವರಿಸಿದೆ. ಈ ಅಷ್ಟೂ ದಿನ ಬಿಪಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೊಳ್ಳಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವ ಕಂಪನಿಯ ಡಬ್ಬಿ ಎಂಬುದನ್ನು ಹೇಳುವುದಿಲ್ಲ, ಏಕೆಂದರೆ ನಾನು ಹೇಳಹೊರಟಿರುವುದು ಡಬ್ಬಿಯೊಳಗಿನ ವಸ್ತುವಿನ ಬಗ್ಗೆ.

ಕ್ವೆರ್ಸೆಟಿನ್ ಎಂಬುದು ಸಸ್ಯಗಳಲ್ಲಿ ಸಹಜವಾಗಿ ಇರುವ ಫ್ಲೇವನಾಯ್ಡ್ ಗುಂಪಿನ ಒಂದು ಹಳದಿ ಪದಾರ್ಥ. ಈರುಳ್ಳಿ, ಸೇಬಿನ ಸಿಪ್ಪೆ, ಚಹಾ, ನುಗ್ಗೆಸೊಪ್ಪು ಇವೆಲ್ಲದರಲ್ಲೂ ಅದು ಇದೆ. ಈರುಳ್ಳಿಯ ಹೊರಗಿನ ಒಣ ಸಿಪ್ಪೆಯನ್ನು ನೀರಿನಲ್ಲಿ ಕುದಿಸಿದರೆ ಬಟ್ಟೆಗೆ ಹಿಡಿಯುವ ಹೊಂಬಣ್ಣ ಬರುತ್ತದಲ್ಲ, ಆ ಬಣ್ಣಕ್ಕೂ ಇದೇ ಮುಖ್ಯ ಕಾರಣ. ಓಕ್ ಮರಗಳ ತೋಪಿಗೆ ಲ್ಯಾಟಿನ್ ಭಾಷೆಯಲ್ಲಿ ಇರುವ ಪದದಿಂದ ಇದಕ್ಕೆ ಹೆಸರು ಬಂದಿದೆ. ಅಮೆರಿಕದ ಒಂದು ಜಾತಿಯ ಓಕ್ ತೊಗಟೆಯಿಂದ ತೆಗೆದ ಹಳದಿ ಬಣ್ಣ 18ನೇ ಶತಮಾನದಲ್ಲಿಯೇ ಯುರೋಪಿನ ಬಣ್ಣಗಾರರ ಕೈ ಸೇರಿತ್ತು. ಮೊದಲ ಡಬ್ಬಿ ಬಂದ ದಿನ ನಾನು ಒಂದು ಕ್ಯಾಪ್ಸೂಲನ್ನು ಬಿಚ್ಚಿ ಸ್ಟೀಲ್ ತಟ್ಟೆಗೆ ಸುರಿದು ನೋಡಿದೆ. ಅರಿಶಿನಕ್ಕಿಂತ ಸ್ವಲ್ಪ ಹಸಿರಿನ ಛಾಯೆಯ, ಬೆರಳಿಗೆ ಟಾಲ್ಕಮ್ ಪೌಡರಿನಂತೆ ನುಣ್ಣಗೆ ತಾಗುವ ಹಳದಿ ಪುಡಿ. ನಾಲಗೆಯ ತುದಿಗೆ ಇಟ್ಟರೆ ಕಹಿ. ಒಂದು ಲೋಟ ನೀರಿಗೆ ಹಾಕಿ ಚಮಚದಿಂದ ಕಲಕಿದೆ. ಅದು ಕರಗಲೇ ಇಲ್ಲ. ಅರ್ಧ ಗಂಟೆಯ ನಂತರ ಅಷ್ಟೂ ಪುಡಿ ತಳದಲ್ಲಿ ಕೂತಿತ್ತು.

ಆ ಲೋಟದ ತಳ ಕಂಡದ್ದು ಈ ವಸ್ತುವಿನ ದೊಡ್ಡ ಮಿತಿಯೇ ಎಂಬುದು ಮುಂದೆ ಓದಿದಾಗ ಅರ್ಥವಾಯಿತು. ಶುದ್ಧ ರೂಪದ ಕ್ವೆರ್ಸೆಟಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕರುಳು ಹೀರಿಕೊಳ್ಳುವುದೂ ಕಡಿಮೆ. ಈರುಳ್ಳಿಯಲ್ಲಿ ಅದು ಗ್ಲೂಕೋಸಿನ ಜೊತೆ ಅಂಟಿಕೊಂಡಿರುವುದರಿಂದ ಅಲ್ಲಿಂದ ಹೀರಿಕೆ ಚೆನ್ನಾಗಿ ಆಗುತ್ತದೆ. ಹೀರಿಕೊಂಡ ಭಾಗವೂ ಹಾಗೆಯೇ ರಕ್ತದಲ್ಲಿ ಓಡಾಡುವುದಿಲ್ಲ. ಕರುಳಿನ ಗೋಡೆ ಮತ್ತು ಯಕೃತ್ತು ಅದನ್ನು ಬೇರೆ ರೂಪಗಳಿಗೆ ಬದಲಾಯಿಸಿ ಕಳಿಸುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಶುದ್ಧ ಕ್ವೆರ್ಸೆಟಿನ್ ಸುರಿದು ಕಂಡ ಫಲವನ್ನು ಮನುಷ್ಯರ ರಕ್ತನಾಳದಲ್ಲಿಯೂ ಕಾಣುತ್ತೇವೆ ಎಂದು ಜಾಹೀರಾತಿನಲ್ಲಿ ಬರೆಯುವುದು ಸರಿಯಲ್ಲ. ಊಟದಲ್ಲಿ ಸ್ವಲ್ಪ ಎಣ್ಣೆ ತುಪ್ಪ ಇದ್ದರೆ ಹೀರಿಕೆಗೆ ಅನುಕೂಲ ಎಂಬುದರಿಂದ ನಾನು ಮೊದಲ ವಾರವೊಂದನ್ನು ಬಿಟ್ಟು ಇಡೀ ಅವಧಿಯಲ್ಲಿ ಮಧ್ಯಾಹ್ನದ ಊಟದ ನಡುವೆಯೇ ಕ್ಯಾಪ್ಸೂಲ್ ನುಂಗಿದೆ.

ಹೃದಯಕ್ಕೂ ಇದಕ್ಕೂ ನಂಟು ಕಟ್ಟಿದ್ದು ಮುಖ್ಯವಾಗಿ ನೆದರ್ಲೆಂಡ್ಸ್‌ನ ಜುಟ್ಫೆನ್ ಪಟ್ಟಣದ ಅಧ್ಯಯನ. 65ರಿಂದ 84 ವರ್ಷದ 805 ಗಂಡಸರ ಆಹಾರವನ್ನು 1985ರಲ್ಲಿ ದಾಖಲಿಸಿ, ಐದು ವರ್ಷ ಅವರನ್ನು ಗಮನಿಸಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೆ ಫ್ಲೇವನಾಯ್ಡ್ ಸಿಗುತ್ತಿದ್ದದ್ದು ಹೆಚ್ಚಾಗಿ ಚಹಾ, ಈರುಳ್ಳಿ ಮತ್ತು ಸೇಬಿನಿಂದ, ದಿನಕ್ಕೆ ಸರಾಸರಿ 26 ಮಿಲಿಗ್ರಾಂನಷ್ಟು. ಹೆಚ್ಚು ತಿಂದವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸಂಭವಿಸಿದ ಸಾವು ಕಡಿಮೆ ತಿಂದವರಲ್ಲಿ ಆದದ್ದಕ್ಕಿಂತ ಅರ್ಧಕ್ಕೂ ಕಡಿಮೆ ಇತ್ತು. ಆದರೆ ವೇಲ್ಸ್‌ನ ಕೇರ್ಫಿಲಿ ಪಟ್ಟಣದ ಗಂಡಸರಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಅವರೂ ನಮ್ಮ ಹಾಗೆ ಚಹಾಕ್ಕೆ ಹಾಲು ಬೆರೆಸಿ ಕುಡಿಯುವವರು. ಹಾಲಿನಿಂದ ಹೀಗಾಯಿತೇ ಎಂಬ ಅನುಮಾನ ಎದ್ದಿತು. ಹಾಲು ಬೆರೆಸಿದರೂ ಚಹಾದ ಕ್ವೆರ್ಸೆಟಿನ್ ಹೀರಿಕೆ ಕಡಿಮೆಯಾಗುವುದಿಲ್ಲ ಎಂದು 2001ರ ಒಂದು ಪ್ರಯೋಗ ತೋರಿಸಿತು. ಹಾಗಾಗಿ ಬೆಳಗಿನ ಚಹಾದಿಂದ ಹಾಲನ್ನು ತೆಗೆಯಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಇವೆರಡೂ ಜನರ ಊಟವನ್ನು ಗಮನಿಸಿ ಮಾಡಿದ ಅಧ್ಯಯನಗಳು. ಸೇಬು, ಈರುಳ್ಳಿ ಹೆಚ್ಚು ತಿನ್ನುವವರು ಬೇರೆ ವಿಷಯಗಳಲ್ಲಿಯೂ ಆರೋಗ್ಯ ಕಾಪಾಡಿಕೊಳ್ಳುವವರಾಗಿರಬಹುದು ಎಂಬ ಪ್ರಶ್ನೆ ಅಲ್ಲಿ ಉಳಿದೇ ಇರುತ್ತದೆ.

ಕ್ಯಾಪ್ಸೂಲ್ ಕೊಟ್ಟು ನೋಡಿದ ಪ್ರಯೋಗಗಳು ಬೇರೆ ಇವೆ. ಅಮೆರಿಕದ ಯೂಟಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 730 ಮಿಲಿಗ್ರಾಂನಂತೆ 28 ದಿನ ತೆಗೆದುಕೊಂಡ ಬಿಪಿ ರೋಗಿಗಳಲ್ಲಿ ಮೇಲಿನ ಒತ್ತಡ ಸುಮಾರು 7, ಕೆಳಗಿನದು ಸುಮಾರು 5 ಅಂಶ ಇಳಿಯಿತು. ಇನ್ನೂ ಬಿಪಿ ರೋಗಿಗಳಾಗದೆ ಅಂಚಿನಲ್ಲಿದ್ದವರಲ್ಲಿ ಬದಲಾವಣೆ ಆಗಲಿಲ್ಲ. ಜರ್ಮನಿಯಲ್ಲಿ ತೂಕ ಹೆಚ್ಚಿದ್ದ 93 ಮಂದಿಗೆ ದಿನಕ್ಕೆ 150 ಮಿಲಿಗ್ರಾಂನಂತೆ ಆರು ವಾರ ಕೊಟ್ಟಾಗ ಮೇಲಿನ ಒತ್ತಡ ಇಳಿದದ್ದು 2.6 ಅಂಶ. ಇಂಥ ಏಳು ಪ್ರಯೋಗಗಳ 587 ಮಂದಿಯ ಲೆಕ್ಕವನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಸರಾಸರಿ ಇಳಿಕೆ ಮೇಲೆ 3, ಕೆಳಗೆ 2.6ರಷ್ಟು, ಅದೂ ದಿನಕ್ಕೆ 500 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿಯೇ ಸ್ಪಷ್ಟವಾಗಿತ್ತು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲಗೊಳಿಸುವ ಕೆಲಸಕ್ಕೆ ಇದು ನೆರವಾಗುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಗಮನಿಸಬೇಕಾದ್ದೆಂದರೆ ಇವೆಲ್ಲ ಕೆಲವು ವಾರಗಳ ಪ್ರಯೋಗಗಳು, ಅಳೆದದ್ದು ಬಿಪಿಯನ್ನು. ಕ್ಯಾಪ್ಸೂಲ್ ನುಂಗಿದವರಿಗೆ ಹೃದಯಾಘಾತ ಕಡಿಮೆಯಾಯಿತು ಎಂದು ಇವುಗಳಲ್ಲಿ ಯಾವುದೂ ಸಾಧಿಸಿ ತೋರಿಸಿಲ್ಲ.

ಈಗ ನನ್ನ ನೋಟ್‌ಬುಕ್ಕಿನ ವಿಷಯಕ್ಕೆ ಬರುತ್ತೇನೆ. ದಿನವೂ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ರಾತ್ರಿ ಊಟಕ್ಕೆ ಮುಂಚೆ, ಊಟದ ಮೇಜಿನ ಹತ್ತಿರ ಐದು ನಿಮಿಷ ಮಾತಿಲ್ಲದೆ ಬೆನ್ನು ಒರಗಿಸಿ ಕೂತು, ಎಡತೋಳನ್ನು ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ಎರಡನ್ನೂ ಬರೆದಿದ್ದೇನೆ. ಕ್ಯಾಪ್ಸೂಲ್ ಶುರುಮಾಡುವ ಮೊದಲಿನ ತಿಂಗಳ ಸರಾಸರಿ 138/86. ಐದನೆಯ ತಿಂಗಳಿಗೆ ಅದು 133/83ಕ್ಕೆ ಬಂತು. ಆಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೂ ಉಂಟು. ಆದರೆ ನನ್ನ ಪತ್ನಿ ಪಕ್ಕದಲ್ಲಿ ಕೂತು ಆ ಪುಟಗಳನ್ನು ತಿರುವಿ, "ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದೂ ಆಗಲೇ ಅಲ್ಲವಾ?" ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಕ್ಯಾಪ್ಸೂಲ್ ತಂದ ವಾರವೇ ಮನೆಯಲ್ಲಿ ಉಪ್ಪು ಕಡಿಮೆ ಮಾಡಿದ್ದೆವು, ಮಜ್ಜಿಗೆಗೆ ಉಪ್ಪು ಹಾಕುವುದನ್ನೂ ಬಿಟ್ಟಿದ್ದೆವು. ಇಳಿಕೆಯ ಪುಣ್ಯ ಯಾವುದಕ್ಕೆ ಸೇರಬೇಕು ಎಂಬುದು ಪುಸ್ತಕದಿಂದ ತಿಳಿಯುವಂತಿರಲಿಲ್ಲ.

ಅದಕ್ಕಾಗಿಯೇ ಹನ್ನೊಂದು ತಿಂಗಳ ನಂತರ ಕ್ಯಾಪ್ಸೂಲ್ ಒಂದನ್ನೇ ನಿಲ್ಲಿಸಿ, ಆಮ್ಲೋಡಿಪಿನ್ ಮಾತ್ರೆ, ಕಡಿಮೆ ಉಪ್ಪು, ಸಂಜೆಯ ನಡಿಗೆ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡೆ. ಆ ಮೂರು ತಿಂಗಳ ಸರಾಸರಿ 134/83. ಮತ್ತೆ ಶುರುಮಾಡಿದ ಮೇಲಿನ ವರ್ಷದ ಸರಾಸರಿ 132/82. ಅಂದರೆ ನನ್ನ ಮಟ್ಟಿಗೆ ಕ್ಯಾಪ್ಸೂಲಿನಿಂದ ಆಗಿರಬಹುದಾದ ವ್ಯತ್ಯಾಸ ಒಂದೆರಡು ಅಂಶ, ಬೆಳಿಗ್ಗೆ ಒಮ್ಮೆ ಕೂತಾಗ ಅಳೆದ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸಕ್ಕಿಂತಲೂ ಕಡಿಮೆ. ಕೊಲೆಸ್ಟ್ರಾಲಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅಡ್ಡಪರಿಣಾಮ ಎಂದರೆ ಮೊದಲ ವಾರ ಬರಿಹೊಟ್ಟೆಯಲ್ಲಿ ತೆಗೆದುಕೊಂಡಾಗ ಬಂದ ಎದೆಯುರಿ ಮತ್ತು ತಲೆಭಾರ. ಊಟದ ಜೊತೆ ತೆಗೆದುಕೊಂಡ ಮೇಲೆ ಅದು ಹೋಯಿತು.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಲೇಬೇಕು. ಹೃದಯದ ಕವಾಟ ಬದಲಾಯಿಸಿಕೊಂಡು ದಿನವೂ ವಾರ್ಫರಿನ್ ತೆಗೆದುಕೊಳ್ಳುವ ನನ್ನ ಭಾವ, ನನ್ನ ಮೇಜಿನ ಮೇಲಿದ್ದ ಡಬ್ಬಿ ನೋಡಿ, "ಗಿಡಮೂಲಿಕೆ ತಾನೇ, ನನಗೂ ಒಂದು ತರಿಸಿಕೊಡಿ" ಎಂದರು. ನಾನು ತರಿಸುವವನೇ ಇದ್ದೆ. ಅದೃಷ್ಟಕ್ಕೆ ಅದೇ ವಾರ ನನ್ನ ತಪಾಸಣೆ ಇತ್ತು. ನಮ್ಮ ವೈದ್ಯರು ನನಗೆ, "ಮೇಷ್ಟ್ರೇ, ನೀವು ಬೇಕಿದ್ದರೆ ತಗೊಳ್ಳಿ, ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ನಿಮ್ಮ ಭಾವನವರಿಗೆ ಇದು ಖಂಡಿತ ಬೇಡ" ಎಂದು ಸ್ಪಷ್ಟವಾಗಿ ಹೇಳಿದರು. ಕ್ವೆರ್ಸೆಟಿನ್ ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಔಷಧದ ಬಲವನ್ನು ಏರುಪೇರು ಮಾಡಬಹುದು, ಯಕೃತ್ತು ಬೇರೆ ಔಷಧಗಳನ್ನು ಸಂಸ್ಕರಿಸುವ ಕಿಣ್ವಗಳ ಮೇಲೂ ಪರಿಣಾಮ ಬೀರಬಹುದು. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್, ಅಂಗ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಇವುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಇದೆ. ಹೃದಯಕ್ಕೆ ಒಳ್ಳೆಯದು ಎಂದು ಡಬ್ಬಿ ಕೊಳ್ಳಲು ಬರುವವರಲ್ಲಿ ಇಂಥ ಮಾತ್ರೆ ನುಂಗುವವರೂ ಇರುತ್ತಾರೆ. ನನ್ನ ಡಬ್ಬಿಯ ಮೇಲೆ ಈ ಎಚ್ಚರಿಕೆ ಇರಲಿಲ್ಲ. ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸಾಲು ಮಾತ್ರ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರದಲ್ಲಿತ್ತು. ಮುಂಭಾಗದಲ್ಲಿ ಕೆಂಪು ಹೃದಯದ ಚಿತ್ರ ಅಂಗೈಯಗಲ. ಈ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರವು ಕ್ವೆರ್ಸೆಟಿನ್ ಹೃದಯಕ್ಕೆ ಹಿತ ಎಂಬ ಹೇಳಿಕೆಯನ್ನು 2011ರಲ್ಲಿಯೇ ಒಪ್ಪಿಕೊಂಡಿಲ್ಲ.

ಖರ್ಚಿನ ಮಾತು. 60 ಕ್ಯಾಪ್ಸೂಲಿನ ಡಬ್ಬಿಗೆ ನಾನು ಸುಮಾರು 1,100 ರೂಪಾಯಿ ಕೊಟ್ಟಿದ್ದೇನೆ, ಎರಡು ತಿಂಗಳಿಗೆ ಒಂದು. ಒಂದು ಡಬ್ಬಿಯಲ್ಲಿ ಮಳೆಗಾಲದಲ್ಲಿ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಂಡು ಬಂದವು, ಒಳಗೆ ತೇವ ಹೀರುವ ಪೊಟ್ಟಣವೇ ಇರಲಿಲ್ಲ. ಬದಲಾಯಿಸಿಕೊಡಲು ಮೂರು ವಾರ ಹಿಡಿಯಿತು. ಉಳಿದಂತೆ ವಸ್ತುವಿನ ಗುಣಮಟ್ಟದ ಬಗ್ಗೆ ದೂರಿಲ್ಲ.

ನಾವಿರುವುದು ಚಿತ್ರದುರ್ಗ ಜಿಲ್ಲೆಯಲ್ಲಿ, ಈರುಳ್ಳಿ ಬೆಳೆಯುವ ಸೀಮೆಯಲ್ಲಿ. ಸುಗ್ಗಿಯಲ್ಲಿ ರಸ್ತೆಯ ಪಕ್ಕ ಮೂಟೆಗಟ್ಟಲೆ ಕೆಂಪು ಈರುಳ್ಳಿ ಬಿದ್ದಿರುತ್ತದೆ. ಇದನ್ನೆಲ್ಲ ಓದಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆ. ಈರುಳ್ಳಿಯ ಕ್ವೆರ್ಸೆಟಿನ್ ಹೊರಪದರಗಳಲ್ಲಿ ದಟ್ಟವಾಗಿದ್ದು ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಆದ್ದರಿಂದ ಒಣ ಸಿಪ್ಪೆಯ ಜೊತೆ ಒಂದೆರಡು ಗಟ್ಟಿ ಪದರಗಳನ್ನೂ ಕಿತ್ತೆಸೆಯುತ್ತಿದ್ದ ಅಭ್ಯಾಸವನ್ನು ಬಿಟ್ಟು, ಈಗ ಕಾಗದದಂಥ ಸಿಪ್ಪೆಯನ್ನು ಮಾತ್ರ ತೆಗೆಯುತ್ತೇವೆ. ಬೇಯಿಸಿದಾಗ ಅದರ ಒಂದು ಭಾಗ ನೀರಿಗೆ ಇಳಿಯುತ್ತದೆ, ಸಾಂಬಾರಿನಲ್ಲಾದರೆ ಆ ನೀರೂ ಹೊಟ್ಟೆಗೇ ಸೇರುತ್ತದೆ. ವಾರಕ್ಕೆರಡು ಸಲ ನುಗ್ಗೆಸೊಪ್ಪಿನ ಪಲ್ಯ ಮಾಡುತ್ತೇವೆ. ಇದರಿಂದ ಸಿಗುವುದು ದಿನಕ್ಕೆ 500 ಮಿಲಿಗ್ರಾಂ ಖಂಡಿತ ಅಲ್ಲ. ಆದರೆ ಜುಟ್ಫೆನ್ನಿನ ಮುದುಕರು ತಿಂದದ್ದೂ ಕ್ಯಾಪ್ಸೂಲ್ ಅಲ್ಲ, ಊಟದಲ್ಲಿ ಸಿಕ್ಕ ಸರಾಸರಿ 26 ಮಿಲಿಗ್ರಾಂ ಫ್ಲೇವನಾಯ್ಡ್ ಅಷ್ಟೇ.

ಅಂಕ ಕೊಡಬೇಕೆಂದರೆ ಐದಕ್ಕೆ ಎರಡೂವರೆ ಕೊಡುತ್ತೇನೆ: ಹೇಳಿದ ವಸ್ತು ಡಬ್ಬಿಯೊಳಗಿದೆ ಎಂಬುದಕ್ಕೆ, ನನಗೆ ತೊಂದರೆ ಕೊಡಲಿಲ್ಲ ಎಂಬುದಕ್ಕೆ ಮತ್ತು ಆ ಒಂದೆರಡು ಅಂಶಕ್ಕೆ. ಈಗಿನ ಡಬ್ಬಿಯಲ್ಲಿ ಹದಿನಾಲ್ಕು ಕ್ಯಾಪ್ಸೂಲ್ ಉಳಿದಿವೆ. ಮುಗಿದ ಮೇಲೆ ಮತ್ತೆ ತರಿಸುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಮುಂದುವರಿಸಿ, ಆರು ತಿಂಗಳ ನಂತರದ ಸರಾಸರಿಯನ್ನು ಇದೇ ವಿಮರ್ಶೆಯ ಕೆಳಗೆ ಸೇರಿಸುತ್ತೇನೆ.