ಲೆಕ್ಕದ ನಡುವೆ ಮಿನುಗುವ ನಾಣ್ಯ: ಪೋಷಕರಿಗೆ ಒಂದು ಎಚ್ಚರಿಕೆ

ಮಕ್ಕಳಿಗೆಂದು ಲೆಕ್ಕ ಕಲಿಸುವ ಆ್ಯಪ್ ಕೊಳ್ಳುವ ಮುನ್ನ, ಲೆಕ್ಕ ಬಿಡಿಸುತ್ತಿರುವಾಗಲೇ ಬಹುಮಾನದ ಚಿಹ್ನೆ ಕಾಣಿಸುತ್ತದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ. ನನ್ನ ಮಗಳು ಬಳಸುತ್ತಿದ್ದ ಆ್ಯಪ್‌ನಲ್ಲಿ ಪರದೆಯ ಮೂಲೆಯಲ್ಲಿ ಹಳದಿ ನಾಣ್ಯವೊಂದು ಆಗಾಗ ಮಿನುಗುತ್ತಿತ್ತು. ಮುಟ್ಟಿದರೆ ಅಂಕ ಸಿಗುತ್ತಿತ್ತು, ಆದರೆ ಅರ್ಧಕ್ಕೆ ನಿಂತ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತಿತ್ತು.

ಸುಲಭದ ಕೂಡುವ ಲೆಕ್ಕಗಳಲ್ಲಿ ಅವಳು ಆ ನಾಣ್ಯದತ್ತ ತಿರುಗಿಯೂ ನೋಡುತ್ತಿರಲಿಲ್ಲ. 47ನ್ನು 6ರಿಂದ ಗುಣಿಸುವಾಗ ಮಾತ್ರ, 42 ಬಂತು, 2 ಬರೆದು ಕೈಯಲ್ಲಿ 4 ಎಂದು ಹೇಳಿಕೊಳ್ಳುತ್ತಿದ್ದ ಹೊತ್ತಿಗೇ ಬೆರಳು ಮೂಲೆಗೆ ಜಾರುತ್ತಿತ್ತು, ಕೈಯಲ್ಲಿದ್ದ ನಾಲ್ಕು ಮರೆತೇ ಹೋಗುತ್ತಿತ್ತು. ಕೊನೆಕೊನೆಗೆ ಅವಳು ಗುಣಾಕಾರವೆಂದರೆ ಅಳತೊಡಗಿದಳು. ಆ್ಯಪ್‌ನವರಿಗೆ ದೂರು ಕೊಟ್ಟಾಗ ಬಂದ ಉತ್ತರ, ಮಗುವಿಗೆ ಏಕಾಗ್ರತೆ ಸಾಲದು ಎಂಬುದು. ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ, ಏಕೆಂದರೆ ಅದು ತಪ್ಪು.

ಆ ಕ್ಷಣಕ್ಕೆ ಬೇಕಾದುದನ್ನು ಮನಸ್ಸಿನಲ್ಲಿ ಹಿಡಿದಿಡುವ ಕಾರ್ಯಸ್ಮರಣೆಯ ಜಾಗ ಬಹಳ ಚಿಕ್ಕದು. ವಯಸ್ಕರಲ್ಲೇ ಅದು ಸುಮಾರು ನಾಲ್ಕು ಅಂಶಗಳಷ್ಟು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು, ಮಕ್ಕಳಲ್ಲಿ ಇನ್ನೂ ಕಡಿಮೆ. ಗುಣಿಸುವಾಗ ಕೈಯಲ್ಲಿ ಉಳಿದ 4 ಎಂಬ ಅಂಕಿಯೂ ಅಲ್ಲೇ ಇರಬೇಕು, ‘ಈಗ ಲೆಕ್ಕ ಮುಗಿಸಬೇಕು, ಅತ್ತ ನೋಡಬಾರದು’ ಎಂಬ ಉದ್ದೇಶವೂ ಅಲ್ಲೇ ಇರಬೇಕು. ಜಾಗ ತುಂಬಿದಾಗ ಉದ್ದೇಶದ ಹಿಡಿತ ಸಡಿಲವಾಗುತ್ತದೆ, ಬಹುಮಾನದ ಸೂಚನೆಯ ಸೆಳೆತವಾದರೋ ಹಾಗೆಯೇ ಉಳಿಯುತ್ತದೆ. ಮನೋವಿಜ್ಞಾನ ಸಂಶೋಧಕಿ ಪಾಪ್ಪಿ ವಾಟ್ಸನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡ ಬಹುಮಾನವನ್ನು ಸೂಚಿಸುವ ಬಣ್ಣದತ್ತ ಕಣ್ಣು ಹಾಯಿಸಿದರೆ ಆ ಬಹುಮಾನವೇ ಕೈತಪ್ಪುತ್ತಿತ್ತು. ಆದರೂ ಜನ ನೋಡುತ್ತಿದ್ದರು, ನೆನಪಿನ ಮೇಲೆ ಹೊರೆ ಹೆಚ್ಚಿದ್ದಾಗ ಇನ್ನಷ್ಟು ನೋಡುತ್ತಿದ್ದರು. ಹೀಗಿರುವಾಗ ಮಗುವಿನ ಸ್ವಭಾವವನ್ನು ದೂರುವುದು ಅನ್ಯಾಯ.

ಅಂಕಗಳನ್ನು ನಿಲ್ಲಿಸಿ ನಾಣ್ಯವನ್ನು ಮಾತ್ರ ಉಳಿಸುವ ಆಯ್ಕೆ ಕೊಟ್ಟರೆ ಅದನ್ನೂ ನಂಬಬೇಡಿ. ಒಮ್ಮೆ ಬಹುಮಾನದೊಂದಿಗೆ ಬೆಸೆದುಕೊಂಡ ಬಣ್ಣ, ಬಹುಮಾನ ನಿಂತ ಮೇಲೂ ಗಮನ ಸೆಳೆಯುತ್ತದೆ ಎಂಬುದನ್ನು ಮನೋವಿಜ್ಞಾನಿ ಬ್ರಯಾನ್ ಆ್ಯಂಡರ್ಸನ್ ಮತ್ತು ಸಹೋದ್ಯೋಗಿಗಳು 2011ರಲ್ಲೇ ತೋರಿಸಿದ್ದಾರೆ.

ಬಹುಮಾನವೇ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಪಾಠ ಮುಗಿದ ಮೇಲೆ, ಬೇರೆ ಪುಟದಲ್ಲಿ ಬರಲಿ. ನಡುವಿನ ಅಂಕಿಗಳನ್ನು ಮಗು ಕಾಗದದ ಮೇಲೆ ಬರೆದುಕೊಳ್ಳಲಿ, ಆಗ ನೆನಪಿನ ಹೊರೆಯೂ ಇಳಿಯುತ್ತದೆ. ಉಚಿತ ಅವಧಿಯಲ್ಲಿ ಸುಲಭದ ಲೆಕ್ಕಗಳನ್ನಷ್ಟೇ ನೋಡಿ ತೃಪ್ತರಾಗಬೇಡಿ, ಏಕೆಂದರೆ ಅಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಮಗುವಿಗೆ ಕಷ್ಟವೆನಿಸುವ ಲೆಕ್ಕವನ್ನೇ ಕೊಟ್ಟು ಪಕ್ಕದಲ್ಲಿ ಕುಳಿತು ಬೆರಳನ್ನು ಗಮನಿಸಿ. ಚಿಹ್ನೆಯನ್ನು ಪೂರ್ತಿಯಾಗಿ ಮರೆಮಾಡುವ ಅವಕಾಶವಿಲ್ಲದಿದ್ದರೆ ಅಂಥ ಆ್ಯಪ್‌ಗೆ ಹಣ ಕಟ್ಟಬೇಡಿ.